ಯಾವ ಪಾಪ ಅಂತ ಹೇಳು

ಏಯ್ ಅನ್ನುತ್ತಿದ್ದ ಬಾಯಿ ಸಿಸ್ಟರ್ ಅಂದಿತು. ಅವತ್ತೇ ಸಂತೋಷಮ್ಮನಿಗೆ ಅನುಮಾನ ಬಂತು.

ಗಾಂಧಿ ಬಜಾರಿನ ಮೂಲೆಯಲ್ಲಿ ಪೌರಕಾರ್ಮಿಕರು ಹಾಜರಿ ಹಾಕಿಸಿಕೊಂಡು, ಪೊರಕೆ ಹಿಡಿದು ಚದುರುತ್ತಿದ್ದರು. ಇನ್ನೂ ಬೆಳಕು ಹರಿದಿರಲಿಲ್ಲ. ಮೇಸ್ತ್ರಿ ಮುತ್ತುರಾಜ ಊರುಗೋಲು ಕುಟ್ಟಿಕೊಂಡು ಅವಳಿದ್ದಲ್ಲಿಗೇ ಬಂದ. ಕೈಯಲ್ಲಿ ಒಂದು ಜೊತೆ ಹೊಸ ಗ್ಲೌಸು.

"ಸಿಸ್ಟರ್, ತಗೊಳ್ಳಿ. ನಿಮ್ಮ ಕೈ ಒಡೆದಿರೋದು ನೋಡ್ದೆ. ಬೇಜಾರಾಯ್ತು."

ಆ ಕೈ ಒಡೆದದ್ದು ಇವತ್ತು ನಿನ್ನೆಯಲ್ಲ. ಇಷ್ಟು ವರ್ಷ ಅದೇ ಕೈಯಲ್ಲಿ ಅವಳು ಕೊಳೆತ ಹೂವು, ಬಾಳೆ ಎಲೆ, ಸತ್ತ ಇಲಿ ಎಲ್ಲ ಬಾಚಿದ್ದಳು. ಗ್ಲೌಸು ಕೇಳಿದಾಗಲೆಲ್ಲ ಮೇಸ್ತ್ರಿ, "ಏಯ್, ಮಹಾರಾಣಿ, ಉಗುರಿಗೆ ಬಣ್ಣಾನೂ ತಂದ್ಕೊಡ್ಲಾ?" ಅಂದು ನಗುತ್ತಿದ್ದ. ಈಗ ಬೇಜಾರಾಗಿದೆಯಂತೆ.

"ಇನ್ಮೇಲೆ ನಿಮಗೆ ಮಾರ್ಕೆಟ್ ಲೈನ್ ಬೇಡ. ಗವಿಪುರದ ಕಡೆ ಮನೆ ಲೈನ್ ಕೊಡ್ತೀನಿ. ಮರ ಇದೆ, ನೆರಳಿದೆ."

ಅವನು ಅತ್ತ ಹೋದ ಮೇಲೆ ಸಂತೋಷಮ್ಮ ಗ್ಲೌಸನ್ನು ಮೂಗಿಗೆ ಹಿಡಿದು ಮೂಸಿದಳು. ರಬ್ಬರ್ ವಾಸನೆ ಬಿಟ್ಟರೆ ಏನೂ ಬರಲಿಲ್ಲ. ಆದರೂ ಹಾಕಿಕೊಳ್ಳಲಿಲ್ಲ. ತಳ್ಳುಗಾಡಿಯ ಹಿಡಿಗೆ ಸಿಕ್ಕಿಸಿ ಬರಿಗೈಯಲ್ಲೇ ಕಸ ಬಾಚಿದಳು. ಪವಿತ್ರ ವಾರ ಶುರುವಾಗಿತ್ತು. ಈಸ್ಟರ್ ಮುಗಿದ ಸೋಮವಾರ ಪಾಲಿಕೆ ಕಚೇರಿಯಲ್ಲಿ ಮೇಸ್ತ್ರಿಯ ಮೇಲೆ ವಿಚಾರಣೆ ಇತ್ತು. ಅಲ್ಲಿ ಬಾಯಿ ಬಿಡುವುದಕ್ಕೆ ಇದ್ದವಳು ಅವಳೊಬ್ಬಳೇ. ನೆರಳು ಎಲ್ಲಿಂದ ಬಂತು ಅನ್ನುವುದು ಅವಳಿಗೆ ಅರ್ಥವಾಗದ್ದೇನಲ್ಲ.

ಮುತ್ತುರಾಜ ವಾರವೆಲ್ಲ ಮೇಸ್ತ್ರಿ, ಭಾನುವಾರ ಕ್ರೈಸ್ತ ಸಭೆಯ ಹಿರಿಯ. ಚಾಮರಾಜಪೇಟೆಯಲ್ಲಿ ಒಂದು ಪ್ರಿಂಟಿಂಗ್ ಪ್ರೆಸ್ಸಿನ ಮೇಲಿರುವ ಶೀಟಿನ ಹಾಲೇ ಅವರ ಸಭೆ. ಬೀದಿ ಗುಡಿಸುವವರು, ಆಸ್ಪತ್ರೆಯಲ್ಲಿ ನೆಲ ಒರೆಸುವವರು, ಮೋರಿ ಕೆಲಸದವರು ಸೇರಿ ಕಟ್ಟಿಕೊಂಡದ್ದು. ದೊಡ್ಡ ಚರ್ಚುಗಳ ಹಿಂದಿನ ಬೆಂಚಿನಲ್ಲಿ ಕೂತು ಕೂತು ಸಾಕಾಗಿ ಇವರ ಹಿರೀಕರು ಇಲ್ಲಿ ಚಾಪೆ ಹಾಸಿದ್ದರು. ಚಾಪೆಗೆ ಮುಂದು ಹಿಂದು ಇರುವುದಿಲ್ಲ ಅಂದುಕೊಂಡಿದ್ದರು, ಪಾಪ. ಈಗ ಮುಂದಿನ ಚಾಪೆ ಮುತ್ತುರಾಜನದು, ಅವನ ಹೆಂಡತಿಯದು, ಅವನ ತಾಯಿ ಮುನಿಯಕ್ಕನದು. ಸಭೆಯ ಅರ್ಧಕ್ಕರ್ಧ ಜನಕ್ಕೆ ಕೆಲಸ ಕೊಡಿಸಿದವನು ಅವನೇ. ಪ್ರಾರ್ಥನೆಗೆ ಆಮೆನ್ ಅನ್ನುವಾಗಲೂ ಜನ ಒಮ್ಮೆ ಅವನ ಕಡೆ ನೋಡಿಕೊಂಡೇ ಅನ್ನುತ್ತಿದ್ದರು.

ಆಗಿದ್ದು ಇಷ್ಟು.

ಕಡಲೆಕಾಯಿ ಪರಿಷೆ ಮುಗಿದ ಮಾರನೇ ದಿನ ಬುಲ್ ಟೆಂಪಲ್ ರಸ್ತೆಯಲ್ಲಿ ರಸ್ತೆ ಕಾಣುವುದಿಲ್ಲ. ಬರೀ ಸಿಪ್ಪೆ. ಸಿಪ್ಪೆಯ ಒಳಗೆ ಜೋಳದ ದಿಂಡು, ಐಸ್‌ಕ್ರೀಂ ಕಪ್ಪು, ಮಕ್ಕಳ ವಾಂತಿ, ಗಂಡಸರ ಉಚ್ಚೆ. ಪರಿಷೆಯ ಫೋಟೋ ಪೇಪರಿನಲ್ಲಿ ಬರುತ್ತದೆ. ಮಾರನೇ ದಿನದ ಫೋಟೋ ಯಾರಿಗೂ ಬೇಕಿಲ್ಲ.

ಶಿವಾನಿ ಸಂತೋಷಮ್ಮನ ಜೋಡಿ. ಗುಡಿಸುವ ಕೆಲಸದಲ್ಲಿ ಜೋಡಿ ಅಂದರೆ ಒಬ್ಬಳು ಗುಡಿಸಿ ಗುಡ್ಡೆ ಮಾಡಬೇಕು, ಇನ್ನೊಬ್ಬಳು ಬಾಚಿ ಗಾಡಿಗೆ ತುಂಬಬೇಕು. ಒಬ್ಬಳಿಗೆ ಅವಸರವಾದರೆ ಇನ್ನೊಬ್ಬಳು ಗೋಡೆ ಮೂಲೆಯಲ್ಲಿ ಸೆರಗು ಮರೆ ಹಿಡಿದು ನಿಲ್ಲಬೇಕು. ಊರನ್ನು ಚೊಕ್ಕ ಮಾಡುವವರಿಗೆ ಊರಲ್ಲಿ ಕಕ್ಕಸಿಲ್ಲ. ಶಿವಾನಿ ಕೋಲಾರದ ಕಡೆಯ ಹುಡುಗಿ. ಸಭೆಯವಳಲ್ಲ, ಮನೆಯಲ್ಲಿ ಮಾರಮ್ಮನ ಫೋಟೋ ಇಟ್ಟುಕೊಂಡವಳು. ಆಗ ಅವಳಿಗೆ ಏಳು ತಿಂಗಳು ತುಂಬಿತ್ತು.

"ಮೇಸ್ತ್ರಿ, ಬಗ್ಗಕ್ಕಾಗ್ತಿಲ್ಲ. ಇವತ್ತೊಂದಿನ ಕೂತ್ಕೊಂಡು ಪ್ಲಾಸ್ಟಿಕ್ ಬೇರೆ ಮಾಡ್ತೀನಿ," ಅಂದಳು.

"ಬಗ್ಗಕ್ಕಾಗಲ್ವಾ? ಹಂಗಾದ್ರೆ ಬಗ್ಗಬೇಡ. ಲಾರಿ ಹತ್ತು. ನಿಂತ್ಕೊಂಡು ತುಳಿ."

ಸಿಪ್ಪೆ ಹಗುರ, ಜಾಗ ತಿನ್ನುತ್ತದೆ. ಲಾರಿಯ ಮೇಲೆ ಹತ್ತಿ ಕಾಲಲ್ಲಿ ಒತ್ತಿ ಒತ್ತಿ ತುಳಿದರೆ ಎರಡು ಟ್ರಿಪ್ಪಿನ ಕಸ ಒಂದೇ ಟ್ರಿಪ್ಪಿಗೆ ಹಿಡಿಯುತ್ತದೆ. ಉಳಿದ ಡೀಸೆಲ್ಲು ಎಲ್ಲಿಗೆ ಹೋಗುತ್ತದೆ ಅನ್ನುವುದು ಬೀದಿ ನಾಯಿಗೂ ಗೊತ್ತಿತ್ತು. ಸಂತೋಷಮ್ಮ, "ಅವಳು ಬೇಡ, ನಾನು ಹತ್ತೀನಿ," ಅಂದಳು. "ನಿನ್ನ ಕೇಳಿದ್ನಾ ಏಯ್? ನೀನು ಗುಡ್ಸು," ಅಂದ. ಶಿವಾನಿ ಟೈರಿನ ಮೇಲೆ ಕಾಲಿಟ್ಟು, ಹಲಗೆ ಹಿಡಿದು, ಹೊಟ್ಟೆ ತಾಗದ ಹಾಗೆ ಓರೆಯಾಗಿ ಹತ್ತಿದಳು. ತುಳಿದಳು. ಮೊಳಕಾಲವರೆಗೆ ಹೂತುಹೋಗುತ್ತಿದ್ದ ಕಾಲನ್ನು ಕೈಯಿಂದ ಎತ್ತೆತ್ತಿ ತುಳಿದಳು. ಬೆಳಗಿನಿಂದ ಅವಳ ಹೊಟ್ಟೆಗೆ ಒಂದು ಬನ್ನು, ಅರ್ಧ ಲೋಟ ಟೀ ಬಿಟ್ಟರೆ ಏನೂ ಬಿದ್ದಿರಲಿಲ್ಲ.

ಮುತ್ತುರಾಜ ಲಾರಿಯ ಮೈ ತಟ್ಟಿ, "ರೈಟ್, ರೈಟ್" ಅಂದ. ಮೇಲೆ ನಿಂತವಳಿಗೆ ಹೇಳಲಿಲ್ಲ. ಲಾರಿ ಜಗ್ಗಿತು. ಶಿವಾನಿ ಹಿಂಬದಿಯಿಂದ ಕೆಳಕ್ಕೆ ಬಿದ್ದಳು. ಫುಟ್‌ಪಾತಿನ ಕಲ್ಲಿನ ಅಂಚಿಗೆ ಹೊಟ್ಟೆ ಕೊಟ್ಟು ಬಿದ್ದಳು. ಕೂಗಲಿಲ್ಲ. "ಅಕ್ಕಾ" ಅಂದಳು, ಅಷ್ಟೇ.

ಸಿಪ್ಪೆ ಕೆಂಪಾಯಿತು. ಸಂತೋಷಮ್ಮ ಲಾರಿಗೆ ಅಡ್ಡ ನಿಂತು, "ಇದ್ರಲ್ಲೇ ಆಸ್ಪತ್ರೆಗೆ ಹಾಕ್ಕೊಂಡೋಗೋಣ," ಅಂತ ಬಡಕೊಂಡಳು. "ಲೋಡಿದೆ. ಇಳಿಸಿ ಬರ್ಲಿ," ಅಂದ ಮೇಸ್ತ್ರಿ. ಲಾರಿ ಅವಳನ್ನು ಬಳಸಿಕೊಂಡು ಹೋಯಿತು. ಆಟೋಗಳು ನಿಂತವು, ರಕ್ತ ನೋಡಿದವು, ವಾಸನೆ ಹಿಡಿದವು, ಹೋದವು. ಎದುರು ಮನೆಯಿಂದ ಗೋದಾ ಅಮ್ಮ ಬಂದರು. ರಿಟೈರಾದ ಟೀಚರು, ಒಳ್ಳೆಯವರು. "ಅಯ್ಯೋ ಕೂಸೇ" ಅಂತ ಕಣ್ಣಲ್ಲಿ ನೀರು ತಂದುಕೊಂಡರು. ಸಂತೋಷಮ್ಮನ ಬೊಗಸೆಗೆ ಮೇಲಿನಿಂದ, ತಾಗದ ಹಾಗೆ ನೀರು ಹೊಯ್ದರು. ಅವರ ಮನೆಯ ಮುಂದೆ ಹೊದಿಕೆ ಹೊದ್ದ ಕಾರು ನಿಂತಿತ್ತು. ಅದರ ಮಾತನ್ನು ಅವರೂ ಎತ್ತಲಿಲ್ಲ, ಇವಳೂ ಕೇಳಲಿಲ್ಲ. ಕೊನೆಗೆ ಮಾರ್ಕೆಟ್ಟಿಗೆ ಹೂವು ಇಳಿಸಿ ವಾಪಸು ಹೋಗುತ್ತಿದ್ದ ಟೆಂಪೋದವನು ಹತ್ತಿಸಿಕೊಂಡ. ಅಷ್ಟರಲ್ಲಿ ಆಗಬಾರದ್ದು ಆಗಿತ್ತು. ಗಂಡು ಮಗು. ಉಸಿರಿರಲಿಲ್ಲ.

ಮಾರನೇ ದಿನವೇ ಮುತ್ತುರಾಜ ಮೇಲಿನವರಿಗೆ ಹೇಳಿಬಿಟ್ಟ. ಆ ಹೆಂಗಸು ಅವತ್ತು ಕೆಲಸಕ್ಕೇ ಬಂದಿಲ್ಲ, ಮನೆಯ ಬಚ್ಚಲಲ್ಲಿ ಜಾರಿ ಬಿದ್ದಿದ್ದಾಳೆ. ಡ್ರೈವರು ಹೂಂ ಅಂದ. ಅಲ್ಲಿದ್ದ ಬೇರೆ ಹೆಂಗಸರೂ ಹೂಂ ಅಂದರು. ಅವರಿಗೂ ಮನೆಯಲ್ಲಿ ಒಲೆ ಉರಿಯಬೇಕಲ್ಲ. ಗೋದಾ ಅಮ್ಮ, "ನಮ್ಮನ್ನ ಇದಕ್ಕೆಲ್ಲ ಎಳೀಬೇಡಮ್ಮ, ನಮ್ಮ ಯಜಮಾನ್ರಿಗೆ ಬಿ.ಪಿ. ಇದೆ. ದೇವರು ನೋಡ್ಕೋತಾನೆ," ಅಂದು ಗೇಟು ಹಾಕಿಕೊಂಡರು. ಡ್ರೈವರೂ ಅದೇ ಮಾತು ಹೇಳಿದ. ಸಭೆಯ ಪಾಸ್ಟರೂ ಅದೇ ಹೇಳಿದರು. ದೇವರು ನೋಡ್ಕೋತಾನೆ. ಸಂತೋಷಮ್ಮ ಒಂದು ವಿಷಯ ಗಮನಿಸಿದಳು. ಆ ಮಾತು ಹೇಳಿದವರು ಯಾರೂ ಹೇಳಿದ ಮೇಲೆ ಅಲ್ಲಿ ನಿಲ್ಲುವುದಿಲ್ಲ.

ಹಾಗಂತ ಅವಳಿಗೆ ದೇವರ ಮೇಲೆ ಅನುಮಾನವಿರಲಿಲ್ಲ. ಅವನ ಹೆಸರು ಹೇಳುವವರ ಮೇಲಿತ್ತು. ದಿನಾ ರಾತ್ರಿ ಮಲಗುವ ಮುಂಚೆ ಮೊಣಕಾಲೂರಿ, "ಅಪ್ಪಾ, ನೀನು ನೋಡಿದ್ದೀಯ. ನಾನೂ ನೋಡಿದೀನಿ. ಸುಮ್ನಿರ್ಬೇಡ," ಅನ್ನುತ್ತಿದ್ದಳು. ಅವಳ ಪ್ರಾರ್ಥನೆ ಅಷ್ಟೇ. ಉದ್ದುದ್ದ ಪ್ರಾರ್ಥನೆ ಅವಳಿಗೆ ಬರುತ್ತಿರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಗ್ಗೆ ಸುದ್ದಿ ಬಂತು. ಮುತ್ತುರಾಜ ಸ್ಕೂಟರಿನಿಂದ ಬಿದ್ದು ಕಾಲು ಮುರಿದುಕೊಂಡಿದ್ದಾನೆ, ಒಳಗೆ ರಾಡ್ ಹಾಕಿದ್ದಾರೆ. ಸಂತೋಷಮ್ಮ ಪೊರಕೆ ಕೆಳಗಿಟ್ಟು, ನಡುರಸ್ತೆಯಲ್ಲೇ ಕೈ ಮುಗಿದಳು. ಸುಳ್ಳು ಯಾಕೆ ಹೇಳಬೇಕು, ಅವಳಿಗೆ ಹಬ್ಬದಷ್ಟು ಸಂತೋಷವಾಯಿತು. ಕೆಲಸ ಮುಗಿದದ್ದೇ ಶಿವಾನಿಯ ಮನೆಗೆ ಓಡಿದಳು.

"ನೋಡ್ದೇನೇ, ನನ್ ದೇವರು ಬಿಡ್ಲಿಲ್ಲ. ನ್ಯಾಯ ತೀರಿಸ್ದ. ಅವನ ಕಾಲು ಮುರ್ದು ಹಾಕ್ದ."

ಶಿವಾನಿ ಗೋಡೆಗೆ ಒರಗಿ ಕೂತಿದ್ದಳು. ಅವಳ ಗಂಡ ನಿತೀಶ ಮೂಲೆಯಲ್ಲಿ ಅಕ್ಕಿ ತೊಳೆಯುತ್ತಿದ್ದ.

"ಅವನ ಕಾಲಿಗೂ ನನ್ ಮಗೂಗೂ ಸರಿಹೋಯ್ತಾ ಅಕ್ಕಾ?" ಅಂದಳು. "ಕಾಲು ಕೂಡ್ಕೊಳತ್ತೆ."

ಸಂತೋಷಮ್ಮ ಅವಳ ಪಕ್ಕ ಕೂತಳು. ತಾನು ದೇವರ ನ್ಯಾಯವನ್ನು ಎಷ್ಟು ಅಗ್ಗಕ್ಕೆ ಇಳಿಸಿಬಿಟ್ಟೆ ಅನ್ನಿಸಿ ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ ಸಿಟ್ಟು ಬಂತು. ಅವತ್ತೇ ಪೌರಕಾರ್ಮಿಕರ ಸಂಘದವರ ಹತ್ತಿರ ಹೋಗಿ, "ನಾನು ನೋಡಿದೀನಿ, ಎಲ್ಲಿ ಬೇಕಾದ್ರೂ ಹೇಳ್ತೀನಿ," ಅಂದಳು. ದೂರು ಹೋಯಿತು. ತಿಂಗಳುಗಳು ಎಳೆದು ವಿಚಾರಣೆಗೆ ದಿನ ಗೊತ್ತಾಯಿತು.

ಕಾಲು ಮುರಿದದ್ದು ಮುತ್ತುರಾಜನಿಗೆ ಎಷ್ಟು ಉಪಯೋಗಕ್ಕೆ ಬಂತು ಅನ್ನುವುದು ಆಮೇಲೆ ಕಂಡಿತು. ಆಸ್ಪತ್ರೆಯಿಂದ ಬಂದ ಮೊದಲ ಭಾನುವಾರ ಊರುಗೋಲಿನ ಮೇಲೆ ನಿಂತು ಸಭೆಯ ಮುಂದೆ ತನ್ನ ಬದುಕಿನ ಸಾಕ್ಷಿ ಹೇಳಿದ. "ನಾನು ಪಾಪಿ. ನನ್ನ ಪಾಪಕ್ಕೆ ಕರ್ತನು ನನ್ನ ಕಾಲು ಮುರಿದ. ಹೊಡೆದವನೂ ಅವನೇ, ಕಟ್ಟಿದವನೂ ಅವನೇ. ಸ್ತೋತ್ರ!" ಸಭೆ ಗೊಳೋ ಅಂತ ಅತ್ತಿತು. ಪಕ್ಕದವಳು ಸಂತೋಷಮ್ಮನ ಮೊಣಕೈ ತಿವಿದು, "ಕರ್ತನೇ ಹೊಡೆದಾಯ್ತಲ್ಲ, ಇನ್ನು ನೀನ್ಯಾಕೆ ಹೊಡೆಯೋಕೆ ಹೋಗ್ತೀಯ?" ಅಂದಳು.

ಸಂತೋಷಮ್ಮ ಅಳಲಿಲ್ಲ. ಯಾವ ಪಾಪ? ಅವನು ಹೇಳಲೇ ಇಲ್ಲ. ಪಾಪ ಪಾಪ ಅಂದದ್ದು ಬಾಯಿ ಬಿಗಿದ ಕಪ್ಪು ಕವರಿನ ಹಾಗಿತ್ತು. ಒಳಗೆ ಏನಿದೆ ಕಾಣುವುದಿಲ್ಲ. ಬೆಳಗಾದರೆ ಮನೆ ಮನೆಯ ಕಪ್ಪು ಕವರು ಬಿಚ್ಚಿ ಒಳಗೇನಿದೆ ನೋಡುವುದೇ ಅವಳ ಕೆಲಸ. ಬಿಗಿಯಾಗಿ ಕಟ್ಟಿದ್ದರೆ ಒಳಗೆ ಬ್ಲೇಡೋ ಒಡೆದ ಗಾಜೋ ಇರುತ್ತದೆ ಅಂತ ಅವಳ ಬೆರಳುಗಳಿಗೆ ಗೊತ್ತಿತ್ತು.

ಗ್ಲೌಸು ಕೊಟ್ಟ ದಿನವೇ ಸಂಜೆ ಪಾಸ್ಟರ್ ಸುಮನ್ ಅವಳ ಮನೆಗೆ ಬಂದರು. ಸಣ್ಣ ವಯಸ್ಸಿನವರು, ಮೆದು ಮಾತು. ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ ಕೂತರು. ಕೊಟ್ಟ ಟೀ ಕುಡಿದರು. ಅದರಲ್ಲಿ ಮಾತ್ರ ಅವರ ಮೇಲೆ ಅವಳಿಗೆ ದೂರಿರಲಿಲ್ಲ.

"ಸಂತೋಷಮ್ಮ, ಗುರುವಾರದ ಆರಾಧನೇಲಿ ಮುತ್ತುರಾಜಣ್ಣ ನಿಮ್ಮ ಕಾಲು ತೊಳೀತಾರೆ. ಅವರಾಗೇ ಬಂದು ಕೇಳ್ಕೊಂಡ್ರು. ನನಗೆ ಕಣ್ಣಲ್ಲಿ ನೀರು ಬಂತು."

ಯೇಸು ಸಾಯುವ ಹಿಂದಿನ ರಾತ್ರಿ ಶಿಷ್ಯರ ಕಾಲು ತೊಳೆದದ್ದನ್ನು ನೆನೆದು ಹಲವು ಚರ್ಚುಗಳಲ್ಲಿ ಪವಿತ್ರ ಗುರುವಾರ ಕಾಲು ತೊಳೆಯುತ್ತಾರೆ. ಈ ಸಭೆಯಲ್ಲಿ ಅದಕ್ಕೆ ಇನ್ನೊಂದು ಕಟ್ಟಳೆಯಿತ್ತು. ಸಭೆಯ ಇಬ್ಬರ ನಡುವೆ ಜಗಳವಿದ್ದರೆ ತಪ್ಪು ಮಾಡಿದವನು ಇನ್ನೊಬ್ಬನ ಕಾಲು ತೊಳೆಯಬೇಕು. ತೊಳೆಸಿಕೊಂಡವನು ಆಮೇಲೆ ಆ ವಿಷಯ ಎಲ್ಲಿಯೂ ಎತ್ತಕೂಡದು. ಎತ್ತಿದರೆ ಅವನಿಗೆ ಪ್ರಭುಭೋಜನದ ರೊಟ್ಟಿಯಿಲ್ಲ, ದ್ರಾಕ್ಷಾರಸವಿಲ್ಲ, ಬಟ್ಟಲು ಅವನನ್ನು ದಾಟಿ ಹೋಗುತ್ತದೆ. ಗಂಡ ಹೆಂಡಿರ ಜಗಳ, ನೀರಿನ ಜಗಳ, ಪಾಲು ಹಂಚಿಕೆಯ ಜಗಳ ಎಲ್ಲ ಹೀಗೇ ತೀರಿದ್ದವು. ಪೊಲೀಸು ಕೋರ್ಟು ಯಾವತ್ತೂ ಇವರ ಕಡೆ ಇರದಿದ್ದ ಕಾಲದಲ್ಲಿ ಮಾಡಿಕೊಂಡ ಕಟ್ಟಳೆ ಅದು.

"ಅಂದ್ರೆ ಸೋಮವಾರ ನಾನು ಬಾಯಿ ಮುಚ್ಕೋಬೇಕು," ಅಂದಳು ಸಂತೋಷಮ್ಮ.

"ಹಾಗೆ ತಗೋಬೇಡಿ. ನ್ಯಾಯ ಮಾಡೋನು ಕರ್ತನು. ಅವನಿಗೆ ಬಿಡೋದೇ ವಿಶ್ವಾಸ."

"ಬಿದ್ದೋಳು ಶಿವಾನಿ ಅಯ್ಯಾ. ತೊಳೆಯೋದಾದ್ರೆ ಅವಳ ಕಾಲು ತೊಳೀಲಿ."

"ಅವಳು ವಿಶ್ವಾಸಿ ಅಲ್ವಲ್ಲಮ್ಮ."

"ಮಗು ಸತ್ತಾಗ ಯಾವ ಸಭೆ ಅಂತ ಕೇಳ್ಕೊಂಡು ಸತ್ತಿಲ್ಲ."

ಪಾಸ್ಟರ್ ಟೀ ಲೋಟ ಕೆಳಗಿಟ್ಟರು. ಅವರಿಗೆ ಗೊತ್ತಿಲ್ಲದ್ದೇನಲ್ಲ. ಶೀಟಿನ ಹಾಲು ಉಳಿದದ್ದೇ ಮುತ್ತುರಾಜನ ದಯೆಯಿಂದ. "ಹಿರಿಯರು ತೀರ್ಮಾನ ಮಾಡಿದಾರೆ. ನೀವು ಬೇಡ ಅಂದ್ರೆ ಕ್ಷಮಿಸದವಳು ಅಂತಾಗತ್ತೆ. ಆಗಲೂ ನನ್ನ ಕೈಯಲ್ಲಿ ಏನೂ ಇರಲ್ಲ," ಅಂದು ಎದ್ದರು.

ಸಂತೋಷಮ್ಮನಿಗೆ ಹೆದರಿಕೆಯಾಯಿತು. ಕೆಲಸ ಹೋದರೆ ಇನ್ನೊಂದು ಹುಡುಕಬಹುದು. ಬಟ್ಟಲು ಹೋದರೆ?

ಅವಳು ಈ ಸಭೆಯನ್ನು ನಂಬಿದ್ದೇ ಆ ಬಟ್ಟಲಿನಿಂದ. ಮದುವೆಯಾದ ಹೊಸದರಲ್ಲಿ ಗಂಡ ಕರೆದುಕೊಂಡು ಬಂದಿದ್ದ. ಒಂದೇ ಬಟ್ಟಲು ಕೈಯಿಂದ ಕೈಗೆ ಬಂತು. ಅವಳು ಒಂದು ಗುಟುಕು ಕುಡಿದಳು. ಪಕ್ಕದವಳು ಅದೇ ಬಟ್ಟಲು ತೆಗೆದುಕೊಂಡು, ಅಂಚು ಒರೆಸದೆ, ಇವಳು ಬಾಯಿಟ್ಟ ಜಾಗಕ್ಕೇ ಬಾಯಿಟ್ಟು ಕುಡಿದಳು. ತನ್ನ ಎಂಜಲನ್ನು ಇನ್ನೊಬ್ಬರು ಕುಡಿದದ್ದನ್ನು ಅವಳು ಹುಟ್ಟಿದ ಮೇಲೆ ಮೊದಲ ಸಲ ನೋಡಿದಳು. ಅವತ್ತು ಅತ್ತಿದ್ದಳು. ಕೊರೊನಾ ಬಂದು ಹೋದ ಮೇಲೆ ದೊಡ್ಡ ಚರ್ಚುಗಳು ಚಿಕ್ಕ ಚಿಕ್ಕ ಪ್ಲಾಸ್ಟಿಕ್ ಲೋಟಕ್ಕೆ ತಿರುಗಿಕೊಂಡರೂ ಈ ಸಭೆ ಬಟ್ಟಲು ಬಿಡಲಿಲ್ಲ. ಗಂಡ ಸತ್ತ ವಾರವೂ ಅವಳು ಅದರಲ್ಲಿ ಕುಡಿದೇ ತಡೆದುಕೊಂಡಿದ್ದಳು. ಈಗ ಅದನ್ನು ತೋರಿಸಿ ಹೆದರಿಸುತ್ತಿದ್ದಾರೆ. ಯೇಸುವಿನ ಬಟ್ಟಲನ್ನೂ ಇವರು ಮೇಸ್ತ್ರಿಯ ಕೋಲು ಮಾಡಿಕೊಂಡರಲ್ಲ ಅಂತ ಅವಳ ಹೊಟ್ಟೆ ಉರಿಯಿತು.

ಗುರುವಾರ ಸಂಜೆ ಹಾಲು ಕಿಕ್ಕಿರಿದಿತ್ತು. ಶೀಟಿನ ಕಾವು ಇನ್ನೂ ಇಳಿದಿರಲಿಲ್ಲ. ಎದುರಿಗೆ ಒಂದು ಕುರ್ಚಿ, ಅದರ ಮುಂದೆ ಪ್ಲಾಸ್ಟಿಕ್ ಟಬ್ಬು. ಸಂತೋಷಮ್ಮನನ್ನು ಕ್ಯಾಮೆರಾಕ್ಕೆ ಕೂರಿಸುವ ಹಾಗೆ ಕೂರಿಸಿದರು. ಅದು ಬರೀ ಹೋಲಿಕೆಯಲ್ಲ, ಮುತ್ತುರಾಜನ ಭಾಮೈದ ನಿಜವಾಗಿಯೂ ಫೋನು ಎತ್ತಿ ಹಿಡಿದಿದ್ದ. ಆರಾಧನೆಯ ವಿಡಿಯೋ ತೆಗೆಯುವ ರೂಢಿ ಸಭೆಯಲ್ಲಿರಲಿಲ್ಲ. ಇದು ಸೋಮವಾರ ಕಚೇರಿಯಲ್ಲಿ ರಾಜಿಯಾಯಿತು ಅಂತ ತೋರಿಸುವುದಕ್ಕೆ ಅಂತ ಅವಳಿಗೆ ಹೊಳೆಯಿತು. ಮೊದಲ ಚಾಪೆಯಲ್ಲಿ ಮುನಿಯಕ್ಕ ತಲೆ ಮೇಲೆ ಬಿಳಿ ಸೆರಗು ಹೊದ್ದು ಮಗನನ್ನೇ ನೋಡುತ್ತ ಕೂತಿದ್ದಳು.

ಮುತ್ತುರಾಜ ಸೊಂಟಕ್ಕೆ ಟವಲು ಕಟ್ಟಿಕೊಂಡು ಬಂದ. ಊರುಗೋಲು ಬದಿಗಿಟ್ಟ. ರಾಡ್ ಹಾಕಿದ ಕಾಲನ್ನು ಮೆಲ್ಲನೆ ಮಡಿಸಿ, ಹಲ್ಲು ಕಚ್ಚಿ, "ಅಮ್ಮಾ" ಅಂತ ನರಳಿ ಮೊಣಕಾಲೂರಿದ. ಹೆಂಗಸರ ಕಡೆ ಮೂಗು ಸೀಟುವ ಸದ್ದು ಎದ್ದಿತು. ನೋವು ನಿಜವೇ. ನಿಜವಾದ ನೋವನ್ನೂ ಹೀಗೆ ಹರವಿ ಕೂರಬಹುದು ಅಂತ ಸಂತೋಷಮ್ಮ ಅವತ್ತು ನೋಡಿದಳು.

"ಸಿಸ್ಟರ್, ನಿಮಗೆ ವಿರೋಧವಾಗಿ ಪಾಪ ಮಾಡಿದೀನಿ. ಕ್ಷಮಿಸಿ."

ಅವಳ ಬಲಗಾಲಿನ ಹಿಮ್ಮಡಿ ಹಿಡಿದು ನೀರಿನ ಹತ್ತಿರ ತಂದ. ನೀರು ಬೆಚ್ಚಗಿತ್ತು. ಹೆಬ್ಬೆರಳು ತಾಗಿತು. ಇಷ್ಟು ವಯಸ್ಸಾದರೂ ಆ ಕಾಲನ್ನು ಯಾರೂ ಹೀಗೆ ಹಿಡಿದಿರಲಿಲ್ಲ. ಬಿರುಕಿನಲ್ಲಿ ಕರಿ ಕೂತ ಹಿಮ್ಮಡಿ, ಗಾಜು ಹೊಕ್ಕು ಕಲೆಗಟ್ಟಿದ ಅಂಗಾಲು. ಹಿತವಾಯಿತು. ಇನ್ನು ಸ್ವಲ್ಪ ಹೊತ್ತು ಬಿಟ್ಟರೆ ಈ ಕಾಲು ತನ್ನ ಮಾತು ಕೇಳುವುದಿಲ್ಲ ಅನ್ನಿಸಿ ಅವಳಿಗೆ ಭಯವಾಯಿತು. ಕಾಲನ್ನು ಹಿಂದಕ್ಕೆ ಎಳೆದುಕೊಂಡಳು.

"ಯಾವ ಪಾಪ?" ಅಂದಳು.

"ಏನು ಸಿಸ್ಟರ್?"

"ಪಾಪ ಮಾಡಿದೀನಿ ಅಂದ್ರಲ್ಲ. ಯಾವ ಪಾಪ ಅಂತ ಹೇಳಿ."

ಅವನು ಪಾಸ್ಟರ ಕಡೆ ನೋಡಿ ನಕ್ಕ. "ಎಲ್ಲಾ ಪಾಪಾನೂ ಸಿಸ್ಟರ್. ಮನುಷ್ಯ ಅಂದ್ಮೇಲೆ..."

"ಎಲ್ಲಾ ಬೇಡ. ಒಂದು ಹೇಳಿ. ಅದರ ಹೆಸರು ಹೇಳಿ."

"ಸಂತೋಷಮ್ಮ," ಅಂದರು ಪಾಸ್ಟರ್, "ದೇವರಿಗೆ ಎಲ್ಲಾ ಗೊತ್ತು. ಬಾಯಿ ಬಿಟ್ಟು ಹೇಳಬೇಕಾಗಿಲ್ಲ."

"ಗೊತ್ತು ಅಯ್ಯಾ. ಬೈಬಲ್ಲಲ್ಲಿ ತಮ್ಮನ್ನ ಹೊಲಕ್ಕೆ ಕರ್ಕೊಂಡೋಗಿ ಸಾಯ್ಸಿದ್ನಲ್ಲ ಅಣ್ಣ, ಅದೂ ದೇವರಿಗೆ ಗೊತ್ತಿತ್ತು. ಗೊತ್ತಿದ್ರೂ ಕೇಳ್ದ. ನಿನ್ನ ತಮ್ಮ ಎಲ್ಲೋ ಅಂತ ಕೇಳ್ದ. ನೀವೇ ಹೇಳ್ಕೊಟ್ಟಿದ್ದು. ಕೇಳ್ದೆ ತೀರ್ಪು ಕೊಡ್ಲಿಲ್ಲ ಅವನು. ನಾನೂ ದೇವರ ನ್ಯಾಯಾನೇ ನಂಬ್ಕೊಂಡಿರೋದು. ಅದಕ್ಕೇ ಕೇಳ್ತಿದೀನಿ." ಬಗ್ಗಿ ಮುತ್ತುರಾಜನ ಮುಖಕ್ಕೆ ಮುಖ ಕೊಟ್ಟಳು. "ಶಿವಾನಿ ಮಗು ಎಲ್ಲೋ ಮೇಸ್ತ್ರಿ?"

ಮುತ್ತುರಾಜನ ಕಾಲು ನೋಯುತ್ತಿತ್ತು. ಎಲ್ಲರೂ ನೋಡುತ್ತಿದ್ದರು. ಕಸ ಗುಡಿಸುವವಳೊಬ್ಬಳು ತನ್ನನ್ನು ಏಕವಚನದಲ್ಲಿ ಎಲ್ಲೋ ಅಂದಿದ್ದಳು. ಸಿಸ್ಟರ್ ಅನ್ನುವುದು ಅವನ ಬಾಯಿಂದ ಕಳಚಿಬಿತ್ತು.

"ಏಯ್, ನನ್ನ ಕೇಳಿದ್ರೆ? ನಾನೇನು ಅವಳನ್ನ ತಳ್ಳಿದ್ನಾ? ಲಾರಿ ಹತ್ತು ಅಂದೆ, ತುಳಿ ಅಂದೆ. ಎಲ್ರೂ ತುಳಿಯಲ್ವಾ? ಬೀಳು ಅಂದ್ನಾ? ಅವಳ ಬಸಿರು ಕಾಯೋದು ನನ್ ಕೆಲಸಾನಾ?"

ಆ ಉತ್ತರ ಸಭೆಗೆ ಹೊಸದಲ್ಲ. ತಮ್ಮನನ್ನು ಕಾಯುವವನು ನಾನೇನು ಅಂತ ಕೊಂದ ಅಣ್ಣ ದೇವರಿಗೆ ಕೊಟ್ಟದ್ದೂ ಹೆಚ್ಚುಕಮ್ಮಿ ಅದೇ ಉತ್ತರ.

"ಬಚ್ಚಲಲ್ಲಿ ಬಿದ್ಲು ಅಂದಿದ್ಯಲ್ಲ," ಅಂದಳು ಸಂತೋಷಮ್ಮ.

ಭಾಮೈದನ ಫೋನು ಕೆಳಗಿಳಿದು ಜೇಬು ಸೇರಿತು. ಪಾಸ್ಟರ್ ಗಾಬರಿಯಿಂದ ಕೈ ಎತ್ತಿ, "ಪ್ರಾರ್ಥನೆ ಮಾಡೋಣ, ಎಲ್ಲರೂ ಕಣ್ಣು ಮುಚ್ಚಿ," ಅಂದರು. ಇಡೀ ಸಭೆ ಸದ್ಯ ಬದುಕಿದೆವು ಅನ್ನುವ ಹಾಗೆ ಕಣ್ಣು ಮುಚ್ಚಿತು. ಸಂತೋಷಮ್ಮ ಮುಚ್ಚಲಿಲ್ಲ. ಒದ್ದೆಯಾಗಿದ್ದ ಹೆಬ್ಬೆರಳನ್ನು ತನ್ನ ಸೆರಗಿನಲ್ಲೇ ಒರೆಸಿಕೊಂಡು, ಕುರ್ಚಿ ಬಿಟ್ಟು ಚಾಪೆಯ ಮೇಲೆ ತನ್ನ ಜಾಗದಲ್ಲಿ ಹೋಗಿ ಕೂತಳು.

ಆಮೇಲೆ ಬಟ್ಟಲು ಬಂತು. ಕೈಯಿಂದ ಕೈಗೆ ಬಂದು ಅವಳ ಪಕ್ಕದವಳ ಕೈ ಸೇರಿತು. ಪಕ್ಕದವಳು ಕುಡಿದಳು. ಹಿರಿಯನೊಬ್ಬ ಬಗ್ಗಿ ಅದನ್ನು ಅವಳ ಕೈಯಿಂದ ತೆಗೆದುಕೊಂಡು, ಸಂತೋಷಮ್ಮನ ತಲೆಯ ಮೇಲಿಂದ ಆಚೆಯವಳಿಗೆ ದಾಟಿಸಿದ. ಸಂತೋಷಮ್ಮ ಮುಂದೆ ಚಾಚಿದ್ದ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಅಳಬಾರದು ಅಂದುಕೊಂಡಿದ್ದಳು, ಅತ್ತಳು. ಅಪ್ಪಾ, ಇದು ನೀನು ಮಾಡಿದ್ದಲ್ಲ, ಇವರು ಮಾಡಿದ್ದು ಅಂತ ಮನಸ್ಸಿನಲ್ಲೇ ಅಂದಳು. ಎದ್ದು ಹೊರಗೆ ಬಂದಳು.

ಕೆಳಗೆ ಪ್ರೆಸ್ಸಿನ ಬಾಗಿಲು ಹಾಕಿತ್ತು. ಬೀದಿಯಲ್ಲಿ ಇನ್ನೂ ಸಂಜೆಯ ಜನ ಓಡಾಡುತ್ತಿದ್ದರು. ಅವಳು ಚಪ್ಪಲಿ ಮೆಟ್ಟುತ್ತಿದ್ದಾಗ ಮೆಟ್ಟಿಲ ಮೇಲೆ ಯಾರೋ ಗೋಡೆ ಸವರಿಕೊಂಡು ಇಳಿಯುವ ಸದ್ದಾಯಿತು. ಮುನಿಯಕ್ಕ. ಸಂತೋಷಮ್ಮ ಸೆಟೆದು ನಿಂತಳು. ಈಗ ತಾಯಿಯನ್ನು ಕಳಿಸಿದ್ದಾರೆ.

"ಸೋಮವಾರ ಎಷ್ಟೊತ್ತಿಗೆ?" ಅಂದಳು ಮುದುಕಿ, ಏದುಸಿರು ಬಿಡುತ್ತ.

"ಯಾಕೆ? ಕೇಳ್ಕೊಂಡು ಬಾ ಅಂದ್ನಾ ನಿನ್ ಮಗ?"

"ಅವನಿಗೆ ನಾನು ಎದ್ದು ಬಂದಿರೋದೇ ಗೊತ್ತಿಲ್ಲ."

"ಕಾಲಿಗೆ ಬೀಳೋಕೆ ಬಂದಿದ್ರೆ ಬೇಡ ಮುನಿಯಕ್ಕ. ಇವತ್ತಿಗೆ ಕಾಲು ಹಿಡಿಸ್ಕೊಂಡಿದ್ದು ಸಾಕು."

ಮುನಿಯಕ್ಕ ಕೊನೆಯ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಮಂಡಿ ಒತ್ತಿಕೊಂಡಳು.

"ಇವನು ಹೊಟ್ಟೇಲಿದ್ದಾಗ ನಾನೂ ಲಾರಿ ತುಳೀತಿದ್ದೆ ಕಣೇ. ಎಂಟು ತುಂಬಿತ್ತು. ಆಗೊಬ್ಬ ಮೇಸ್ತ್ರಿ ಇದ್ದ. ಕುಡುಕ ನನ್ಮಗ, ಬಾಯಿ ತೆಗೆದ್ರೆ ಹೊಲಸು. ದೇವರು ದಿಂಡ್ರು ಒಂದೂ ಇರ್ಲಿಲ್ಲ ಅವನಿಗೆ. ಅವನು ಬಂದು ತಲೆಯೆತ್ತಿ ನೋಡ್ದ. ಬಾಯಿಗೆ ಬಂದಂಗೆ ಬೈದು, ಇಳಿಯೇ ಕೆಳಗೆ ಅಂದ. ಇಳ್ದೆ." ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಇಳಿಸಿದ್ದಕ್ಕೇ ಇವನು ಹುಟ್ಟಿದ್ದು. ಹುಟ್ಟಿ, ಬಸುರೀಗೆ ಹತ್ತು ಅಂದ. ಮೇಲೆ ಈಗ ಅವನೇ ಹೇಳಿದ್ದು ನನ್ ಕಿವೀಲೇ ಕೇಳ್ದೆ."

ಸಂತೋಷಮ್ಮ ಆ ಮುಖವನ್ನು ಬೀದಿ ದೀಪದ ಬೆಳಕಿನಲ್ಲಿ ಬಹಳ ಹೊತ್ತು ನೋಡಿದಳು. ಹೆತ್ತ ತಾಯಿ. ಇದರಲ್ಲೂ ಏನಾದರೂ ಮೋಸವಿದೆಯೇ ಅಂತ ಹುಡುಕಿದಳು. ಕಾಣಲಿಲ್ಲ. ಕಾಣಲಿಲ್ಲ ಅಂತ ಅನುಮಾನವೇನೂ ಹೋಗಲಿಲ್ಲ.

"ಹನ್ನೊಂದಕ್ಕೆ," ಅಂದಳು. "ಬಂದು ಹೇಳ್ತೀಯಾ ಇದನ್ನ, ಆಫೀಸರ ಮುಂದೆ?"

"ಈಗ ಕೇಳಿದ್ರೆ ಹೇಳ್ತೀನಿ." ಮುನಿಯಕ್ಕ ಅವಳ ಕೈ ಹಿಡಿದು ಎದ್ದಳು. "ಸೋಮವಾರದೊಳಗೆ ಅವನು ಬಂದು ಅಮ್ಮಾ ಅಂತ ಅತ್ರೆ ನನ್ ಮನಸ್ಸು ತಿರುಗಿದ್ರೂ ತಿರುಗ್ತದೆ. ನನ್ನ ನಂಬ್ಕೊಂಡು ಕೂರ್ಬೇಡ. ಮನೆಗೆ ಬಂದು ಎಳ್ಕೊಂಡೋಗು."